ರೈತನ ಹೆಸರು, ಕಂಪನಿಯ ಖಾತೆ: ಬೆಳೆ ವಿಮೆಗೆ ಸಲ್ಲುವ ಸಾರ್ವಜನಿಕ ಹಣದ ವಿಮರ್ಶೆ

ಸರ್ಕಾರದ ಸಂಪತ್ತು ಖಾಸಗಿ ಕಂಪನಿಗಳಿಗೆ ಸಲ್ಲುವ ರೀತಿಯನ್ನು ನೈತಿಕವಾಗಿ ಪರಿಶೀಲಿಸುವ ಚರ್ಚೆಗಳಲ್ಲಿ ಭೂಮಿ, ತೆರಿಗೆ ವಿನಾಯಿತಿ, ರಿಯಾಯಿತಿ ದರದ ನೀರು ಮತ್ತು ವಿದ್ಯುತ್ತುಗಳೇ ಹೆಚ್ಚಾಗಿ ಮುಂದೆ ಬರುತ್ತವೆ. ಅಲ್ಲಿ ಪಡೆಯುವವರು ಯಾರು, ಎಷ್ಟು ಪಡೆಯುತ್ತಾರೆ ಎಂಬುದು ಕಣ್ಣಿಗೆ ಕಾಣುವುದೇ ಇದಕ್ಕೆ ಕಾರಣ. ಸಂಡೂರು ತಾಲ್ಲೂಕಿನ ತೋರಣಗಲ್ಲು ಪರಿಸರದ 3,667 ಎಕರೆ ಭೂಮಿಯನ್ನು ಜೆಎಸ್‌ಡಬ್ಲ್ಯು ಸ್ಟೀಲ್ ಕಂಪನಿಗೆ ಮಾರುವ ಪ್ರಸ್ತಾವಕ್ಕೆ 2019ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿದಾಗ ಆಡಳಿತ ಪಕ್ಷದವರೇ ಆದ ಎಚ್.ಕೆ. ಪಾಟೀಲರು ಬಹಿರಂಗವಾಗಿ ಆಕ್ಷೇಪಿಸಿದರು, ವಿರೋಧ ಪಕ್ಷ ಧರಣಿ ಕುಳಿತಿತು, ವಿಜಯನಗರ ಕ್ಷೇತ್ರದ ಶಾಸಕ ಆನಂದ್ ಸಿಂಗ್ ರಾಜೀನಾಮೆಗೆ ಅದನ್ನೂ ಒಂದು ಕಾರಣವಾಗಿ ಕೊಟ್ಟರು. 2024ರ ಆಗಸ್ಟಿನಲ್ಲಿ ಮತ್ತೊಂದು ಸಂಪುಟ ಮಾರಾಟಕ್ಕೆ ಸಮ್ಮತಿಸುವವರೆಗೂ ಎಕರೆಗೆ ಎಷ್ಟು ದರ ನ್ಯಾಯ ಎಂಬ ಪ್ರಶ್ನೆ ಒಂದಾದ ಮೇಲೊಂದು ಸರ್ಕಾರವನ್ನು ಕಾಡಿತು. ಇದೇ ವರ್ಷಗಳಲ್ಲಿ, ಸಂಡೂರಿನ ಪಶ್ಚಿಮಕ್ಕಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ರೈತರ ಹೆಸರಿನಲ್ಲಿ ಮುಂಗಾರಿನಿಂದ ಮುಂಗಾರಿಗೆ ಖಜಾನೆಯಿಂದ ವಿಮಾ ಕಂಪನಿಗಳಿಗೆ ಸಂದಾಯವಾದ ಹಣದ ವಿಷಯದಲ್ಲಿ ಅಂಥ ಕಾವಿನ ಪ್ರಶ್ನೆ ಎದ್ದಿಲ್ಲ. ಈ ಹಣ ಕಂಪನಿಗೆ ಕೊಟ್ಟದ್ದೆಂದು ಯಾರಿಗೂ ಅನ್ನಿಸುವುದಿಲ್ಲ. ಅದು ರೈತನಿಗೆ ಕೊಟ್ಟ ನೆರವೆಂದೇ ಬಜೆಟ್ ಭಾಷಣಗಳಲ್ಲೂ ಜಾಹೀರಾತುಗಳಲ್ಲೂ ದಾಖಲಾಗುತ್ತದೆ. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯ ಮುಖ್ಯ ನೈತಿಕ ದೋಷ ಈ ಮರೆಯಲ್ಲಿಯೇ ಇದೆ.

ಬೆಳೆ ವಿಮೆಯ ಆಲೋಚನೆ ಕನ್ನಡ ನಾಡಿಗೆ ಹೊಸದೇನಲ್ಲ. ಮೈಸೂರು ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದ ಜೆ.ಎಸ್. ಚಕ್ರವರ್ತಿ ಅವರು 1920ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮಳೆಯ ಕೊರತೆಯನ್ನೇ ಅಳತೆಗೋಲಾಗಿ ಇಟ್ಟುಕೊಂಡ ಕೃಷಿ ವಿಮಾ ಯೋಜನೆಯನ್ನು ವಿವರಿಸಿದ್ದರು. ಆಗ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದು, 1953ರಲ್ಲಿ ಮೈಸೂರಿಗೆ ಬಂದು, 2021ರಿಂದ ವಿಜಯನಗರ ಜಿಲ್ಲೆಯೊಳಗಿರುವ ಈ ಸೀಮೆಯಷ್ಟು ಅಂಥ ಯೋಜನೆಯ ಅಗತ್ಯವಿರುವ ಪ್ರದೇಶಗಳು ರಾಜ್ಯದಲ್ಲಿ ಹೆಚ್ಚಿಲ್ಲ. ಹಡಗಲಿ, ಹರಪನಹಳ್ಳಿಗಳ ಅಂಚಿನಲ್ಲಿ ತುಂಗಭದ್ರೆ ಹರಿದರೂ, ಸಿಂಗಟಾಲೂರು ಏತ ನೀರಾವರಿ, ಮಾಲವಿ ಜಲಾಶಯ ಮುಂತಾದವು ಒಂದಷ್ಟು ಭೂಮಿಗೆ ಆಸರೆಯಾದರೂ, ಮೆಕ್ಕೆಜೋಳ, ಶೇಂಗಾ, ಜೋಳ, ರಾಗಿ, ಸಜ್ಜೆ, ತೊಗರಿಗಳ ಬಹುಭಾಗ ಇಲ್ಲಿ ಇಂದಿಗೂ ಮಳೆಯನ್ನೇ ನಂಬಿದೆ. ಆದ್ದರಿಂದ ವಿಮೆ ಬೇಕೇ ಬೇಡವೇ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ವಿಮೆಗಾಗಿ ತೆಗೆದಿಟ್ಟ ಸಾರ್ವಜನಿಕ ಹಣ ಯಾವ ದಾರಿಯಲ್ಲಿ ಹೋಗುತ್ತದೆ, ಆ ದಾರಿಯಲ್ಲಿ ಯಾರು ಯಾರಿಗೆ ಲೆಕ್ಕ ಕೊಡುತ್ತಾರೆ ಎಂಬುದು ಪ್ರಶ್ನೆ.

ಈ ದಾರಿ 2016ರಲ್ಲಿ ದೇಶದಾದ್ಯಂತ ಬದಲಾಯಿತು. ಅದಕ್ಕೆ ಹಿಂದೆ, 1999ರ ಹಿಂಗಾರಿನಿಂದ ಜಾರಿಗೆ ಬಂದ ರಾಷ್ಟ್ರೀಯ ಕೃಷಿ ವಿಮಾ ಯೋಜನೆಯಲ್ಲಿ ಆಹಾರ ಧಾನ್ಯ ಮತ್ತು ಎಣ್ಣೆಕಾಳುಗಳ ವಿಮಾ ಕಂತಿನ ದರಕ್ಕೆ ಮಿತಿ ಇತ್ತು, ಪರಿಹಾರದ ಮೊತ್ತ ಸಂಗ್ರಹವಾದ ಕಂತನ್ನು ಮೀರಿದಾಗ ಆ ಹೆಚ್ಚುವರಿ ಹೊರೆಯನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಹೊರುತ್ತಿದ್ದವು. ಅಂದರೆ ಖಜಾನೆಯ ಹಣದ ದೊಡ್ಡ ಪಾಲು ಬೆಳೆ ಹಾಳಾದ ಮೇಲೆ, ಹಾಳಾದಷ್ಟಕ್ಕೆ ಹೊರಬರುತ್ತಿತ್ತು. ಪರಿಹಾರ ತಡವಾಗುತ್ತದೆ, ಸರ್ಕಾರಕ್ಕೆ ತನ್ನ ಹೊಣೆ ಎಷ್ಟೆಂದು ಮೊದಲೇ ತಿಳಿಯುವುದಿಲ್ಲ ಎಂಬ ದೂರುಗಳು ಅದರ ಮೇಲಿದ್ದವು, ಅವು ಸುಳ್ಳೂ ಆಗಿರಲಿಲ್ಲ. ಫಸಲ್ ಬಿಮಾ ಯೋಜನೆ ಈ ಕ್ರಮವನ್ನು ತಿರುಗಿಸಿತು. ಇಲ್ಲಿ ಕಂಪನಿಗಳು ಟೆಂಡರಿನಲ್ಲಿ ತಮ್ಮ ಅಂದಾಜಿನ ಪೂರ್ಣ ಕಂತಿನ ದರವನ್ನು ನಮೂದಿಸುತ್ತವೆ. ರೈತ ಮುಂಗಾರು ಬೆಳೆಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ ಶೇ 5 ಕಟ್ಟುತ್ತಾನೆ. ಉಳಿದುದನ್ನು ಕೇಂದ್ರ ಮತ್ತು ರಾಜ್ಯ ಸಮನಾಗಿ ಭರಿಸುತ್ತವೆ. ಲೆಕ್ಕದ ಅನುಕೂಲಕ್ಕಾಗಿ ಹೆಕ್ಟೇರಿಗೆ 50,000 ರೂಪಾಯಿ ವಿಮಾ ಮೊತ್ತವಿರುವ ಮುಂಗಾರು ಬೆಳೆಗೆ ಶೇ 20ರ ದರ ನಿಗದಿಯಾಯಿತೆಂದು ಇಟ್ಟುಕೊಂಡರೆ, ಒಟ್ಟು ಕಂತು 10,000 ರೂಪಾಯಿಯಾಗುತ್ತದೆ. ಅದರಲ್ಲಿ ರೈತ ಕೊಡುವುದು 1,000, ಎರಡು ಸರ್ಕಾರಗಳು ಕೊಡುವುದು ತಲಾ 4,500. ಬೆಳೆ ಬಂದರೂ ಬಾರದಿದ್ದರೂ ಈ ಹಣ ಕಂಪನಿಗೆ ಸಲ್ಲುತ್ತದೆ. ಹತ್ತರಲ್ಲಿ ಒಂಬತ್ತು ಪಾಲು ತೆರಿಗೆದಾರರದಾಗಿದ್ದು, ಮಿಕ್ಕ ಒಂದು ಪಾಲು ಬರಕ್ಕೆ ಒಡ್ಡಿಕೊಂಡ ರೈತನದಾಗಿರುವಾಗ, ಆ ವ್ಯವಹಾರವನ್ನು ಕಂಪನಿ ಮತ್ತು ಗ್ರಾಹಕರ ನಡುವಿನ ಖಾಸಗಿ ಒಪ್ಪಂದವೆಂದು ಕರೆಯಲು ಬರುವುದಿಲ್ಲ.

ಕಂಪನಿಗಳ ಪಕ್ಷದಿಂದ ಹೇಳಬಹುದಾದ ಮಾತನ್ನೂ ಇಲ್ಲಿ ತೂಗಿ ನೋಡಬೇಕಾಗುತ್ತದೆ. ವಿಮೆಯ ಸ್ವಭಾವವೇ ಒಳ್ಳೆಯ ವರ್ಷದ ಉಳಿತಾಯದಿಂದ ಕೆಟ್ಟ ವರ್ಷದ ನಷ್ಟವನ್ನು ತುಂಬುವುದು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದ 2023ರಂಥ ವರ್ಷದಲ್ಲಿ ಪರಿಹಾರದ ಹೊರೆ ಒಮ್ಮೆಗೇ ಏರುತ್ತದೆ. ಮರುವಿಮೆಗೆ, ಅಂದರೆ ಕಂಪನಿ ತನ್ನ ಅಪಾಯದ ಒಂದು ಭಾಗವನ್ನು ಬೇರೊಂದು ಸಂಸ್ಥೆಗೆ ವರ್ಗಾಯಿಸುವುದಕ್ಕೆ, ಖರ್ಚಿದೆ. ಹೀಗಾಗಿ ಒಂದು ಹಂಗಾಮಿನ ಲಾಭವನ್ನು ಮಾತ್ರ ತೋರಿಸಿ ಕಂಪನಿಯನ್ನು ದೂಷಿಸುವುದು ನ್ಯಾಯವಲ್ಲ. ಆದರೆ ಈ ವಾದ ನಿಲ್ಲಬೇಕಾದರೆ ಹಲವು ವರ್ಷಗಳ ಕಂತು ಮತ್ತು ಪರಿಹಾರಗಳ ಲೆಕ್ಕ, ಜಿಲ್ಲೆ ಮತ್ತು ತಾಲ್ಲೂಕುವಾರು, ಎಲ್ಲರ ಮುಂದಿರಬೇಕು. ನಷ್ಟದ ಅಪಾಯವನ್ನು ಹೊತ್ತದ್ದಕ್ಕಾಗಿ ಪ್ರತಿಫಲ ಕೇಳುವವರು ಆ ಹೊರೆ ಎಷ್ಟಿತ್ತೆಂದು ತೋರಿಸುವ ಹೊಣೆಯನ್ನೂ ಹೊರಬೇಕಾಗುತ್ತದೆ.

ತೋರಿಸುವ ಈ ಹೊಣೆಯೇ ಅತ್ಯಂತ ದುರ್ಬಲವಾಗಿದೆ. ಭಾರತದ ಮಹಾಲೇಖಪಾಲರು 2011ರಿಂದ 2016ರವರೆಗಿನ ಬೆಳೆ ವಿಮಾ ಯೋಜನೆಗಳನ್ನು ಪರಿಶೀಲಿಸಿ 2017ರಲ್ಲಿ ಸಂಸತ್ತಿನ ಮುಂದಿಟ್ಟ ವರದಿ, ಖಾಸಗಿ ವಿಮಾ ಕಂಪನಿಗಳಿಗೆ ದೊಡ್ಡ ಮೊತ್ತದ ಸರ್ಕಾರಿ ಹಣ ಸಂದಾಯವಾದರೂ ಅವುಗಳ ಲೆಕ್ಕವನ್ನು ಮಹಾಲೇಖಪಾಲರು ತಪಾಸಣೆ ಮಾಡಲು ಯೋಜನೆಯಲ್ಲಿ ಅವಕಾಶವಿರಲಿಲ್ಲವೆಂದೂ, ಆ ಕಂಪನಿಗಳು ಸಲ್ಲಿಸಿದ ಬೇಡಿಕೆಗಳನ್ನು ಸರಿಯಾಗಿ ಪರಿಶೀಲಿಸದೆ ಹಣ ಬಿಡುಗಡೆಯಾಯಿತೆಂದೂ ಹೇಳಿತ್ತು. ಗ್ರಾಮ ಪಂಚಾಯಿತಿಯೊಂದು ಚರಂಡಿ ಕಟ್ಟಿಸಿದರೆ ಅದರ ಪ್ರತಿ ಬಿಲ್ಲಿಗೂ ಲೆಕ್ಕ ತಪಾಸಣೆ ಇದೆ, ಉದ್ಯೋಗ ಖಾತ್ರಿಯ ಕೆಲಸಕ್ಕೆ ಗ್ರಾಮಸಭೆಯ ಸಾಮಾಜಿಕ ಪರಿಶೋಧನೆಯೂ ಇದೆ. ಅದೇ ಪಂಚಾಯಿತಿಯನ್ನು ಘಟಕವಾಗಿ ಇಟ್ಟುಕೊಂಡು ಕಂಪನಿಗೆ ಹೋಗುವ ಕಂತಿಗೆ ಅಂಥ ಯಾವ ತಪಾಸಣೆಯೂ ಗ್ರಾಮಸಭೆಯ ಎದುರು ನಡೆಯುವುದಿಲ್ಲ. ಮಾಹಿತಿ ಹಕ್ಕು ಕಾಯ್ದೆಯೂ ಇಲ್ಲಿ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಸರ್ಕಾರದಿಂದ ಗಣನೀಯವಾಗಿ ಹಣಕಾಸು ಪಡೆಯುವ ಸರ್ಕಾರೇತರ ಸಂಸ್ಥೆಗಳು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆಂದು ಡಿಎವಿ ಕಾಲೇಜು ಟ್ರಸ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಸ್ಪಷ್ಟಪಡಿಸಿದೆ. ಆದರೆ ತಾವು ಪಡೆಯುವುದು ಅನುದಾನವಲ್ಲ, ಸೇವೆಯ ಬೆಲೆ ಎಂದು ವಿಮಾ ಕಂಪನಿ ಹೇಳಬಲ್ಲದು. ಸರ್ಕಾರ ಕಾನೂನಿನ ಪ್ರಕಾರ ಖಾಸಗಿ ಸಂಸ್ಥೆಯಿಂದ ಪಡೆಯಬಹುದಾದ ಮಾಹಿತಿಯೂ ನಾಗರಿಕನಿಗೆ ಲಭ್ಯವಾಗಬೇಕೆಂದು ಕಾಯ್ದೆಯ ಎರಡನೆಯ ಕಲಮು ಹೇಳುತ್ತದೆ. ಆ ಬಾಗಿಲನ್ನು ಸರ್ಕಾರ ಮನಸ್ಸು ಮಾಡಿದರೆ ಇಂದೇ ತೆರೆಯಬಹುದು.

ಪರಿಹಾರವನ್ನು ಅಳೆಯುವ ಕ್ರಮವೂ ಈ ಒಣ ಸೀಮೆಗೆ ಅನ್ಯಾಯವಾಗಿಯೇ ಪರಿಣಮಿಸುತ್ತದೆ. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿ, ಇತರ ಬೆಳೆಗಳಿಗೆ ಹೋಬಳಿ ವಿಮಾ ಘಟಕ. ಒಬ್ಬ ರೈತನ ಹೊಲದ ನಷ್ಟ ಲೆಕ್ಕಕ್ಕೆ ಬರುವುದು ಆಲಿಕಲ್ಲು, ಜಲಾವೃತದಂಥ ಸ್ಥಳೀಯ ವಿಪತ್ತುಗಳಲ್ಲಿ ಮತ್ತು ಕಟಾವಿನ ನಂತರದ ಕೆಲವು ಹಾನಿಗಳಲ್ಲಿ ಮಾತ್ರ, ಅದೂ 72 ಗಂಟೆಯೊಳಗೆ ತಿಳಿಸಿದರೆ. ಉಳಿದಂತೆ ಆಯ್ದ ಹೊಲಗಳಲ್ಲಿ ಬೆಳೆ ಕಟಾವು ಪ್ರಯೋಗ ನಡೆಸಿ, ಅಂದರೆ ನಿಗದಿತ ಅಳತೆಯ ತುಂಡಿನಲ್ಲಿ ಬೆಳೆ ಕೊಯ್ದು ತೂಗಿ, ಇಡೀ ಘಟಕದ ಸರಾಸರಿ ಇಳುವರಿಯನ್ನು ಕಂಡುಕೊಳ್ಳುತ್ತಾರೆ. ಇದನ್ನು ಹೋಲಿಸುವುದು ಖಾತ್ರಿ ಇಳುವರಿಯೊಡನೆ: ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದು ವರ್ಷಗಳ ಸರಾಸರಿಯನ್ನು ಶೇ 70, 80 ಅಥವಾ 90ರ ಮಟ್ಟಕ್ಕೆ ಇಳಿಸಿದಾಗ ಸಿಗುವುದು ಈ ಅಂಕಿ. ಸರಾಸರಿ 10 ಕ್ವಿಂಟಲ್ ಇದ್ದು ಮಟ್ಟ ಶೇ 80 ಆಗಿದ್ದರೆ ಖಾತ್ರಿ ಇಳುವರಿ 8 ಕ್ವಿಂಟಲ್. ಆ ವರ್ಷ 6 ಬಂದರೆ ವಿಮಾ ಮೊತ್ತದ ಕಾಲು ಭಾಗ ಪರಿಹಾರ. ಏಳು ವರ್ಷಗಳಲ್ಲಿ ಎರಡೇ ಬರಗಾಲ ಕಾಣುವ ಊರಿಗೆ ಈ ಸೂತ್ರ ತಕ್ಕಮಟ್ಟಿಗೆ ಸರಿ. ನಾಲ್ಕು ವರ್ಷ ಬರ ಕಂಡ ಊರಿನಲ್ಲಿ ಉತ್ತಮ ಐದರೊಳಗೆ ಎರಡು ಬರಗಾಲದ ವರ್ಷಗಳು ಸೇರಿಕೊಂಡು ಖಾತ್ರಿ ಇಳುವರಿಯನ್ನೇ ಕೆಳಗೆಳೆಯುತ್ತವೆ. ಮೇಲಿಂದ ಮೇಲೆ ಸೋತ ಮಸಾರಿ ಹೊಲಕ್ಕೆ ಸೋಲೇ ಸಹಜವೆಂದು ಸೂತ್ರ ತೀರ್ಮಾನಿಸಿಬಿಡುತ್ತದೆ. ಇತ್ತ ಅದೇ ಹೊಲದ ಅಪಾಯ ಹೆಚ್ಚೆಂಬ ಕಾರಣಕ್ಕೆ ಟೆಂಡರಿನಲ್ಲಿ ಕಂತಿನ ದರ ಏರುತ್ತದೆ. ಬರದ ಇತಿಹಾಸ ಕಂಪನಿಗೆ ಬರುವ ಕಂತನ್ನು ಹೆಚ್ಚಿಸಿ ರೈತನಿಗೆ ಬರುವ ಪರಿಹಾರವನ್ನು ಕುಗ್ಗಿಸುವ ಈ ಲೆಕ್ಕವನ್ನು ಯಾವ ನ್ಯಾಯಪ್ರಜ್ಞೆಯೂ ಒಪ್ಪಲಾರದು. ಮಳೆಯಾಶ್ರಿತ ಬೆಳೆಯ ದರ ಶೇ 30ನ್ನು ದಾಟಿದರೆ ಅದಕ್ಕಿಂತ ಮೇಲಿನ ಭಾಗಕ್ಕೆ ಕೇಂದ್ರದ ಸಹಾಯಧನವಿಲ್ಲವೆಂಬ 2020ರ ನಿಯಮ ಇಂಥ ಸೀಮೆಗಳ ಹೊರೆಯನ್ನು ರಾಜ್ಯದ ಹೆಗಲಿಗೆ ಇನ್ನಷ್ಟು ತಳ್ಳಿದೆ.

ಫಸಲ್ ಬಿಮಾ ಯೋಜನೆಯ ಈ ದೋಷಗಳನ್ನು ಇತರ ರಾಜ್ಯಗಳು ಬೇರೆ ಬೇರೆ ರೀತಿಯಲ್ಲಿ ಎದುರಿಸಿವೆ. ಬಿಹಾರ 2018ರಲ್ಲಿ ಯೋಜನೆಯಿಂದ ಹೊರಬಂದು, ಕಂತಿಲ್ಲದೆ ಇಳುವರಿ ನಷ್ಟಕ್ಕೆ ನೇರವಾಗಿ ನೆರವು ಕೊಡುವ ತನ್ನದೇ ಕಾರ್ಯಕ್ರಮ ತಂದಿತು. ಗುಜರಾತ್ 2020ರಲ್ಲಿ ಅದೇ ಹಾದಿ ಹಿಡಿಯಿತು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಅದೇ ವರ್ಷ ಆರಂಭವಾದ ಮಾದರಿಯಲ್ಲಿ ಪರಿಹಾರ ಒಟ್ಟು ಕಂತಿನ ಶೇ 80ಕ್ಕಿಂತ ಕಡಿಮೆಯಾದರೆ ಕಂಪನಿ ಶೇ 20ರಷ್ಟನ್ನು ಮಾತ್ರ ಇಟ್ಟುಕೊಂಡು ಉಳಿದುದನ್ನು ಸರ್ಕಾರಕ್ಕೆ ಮರಳಿಸಬೇಕು. ಶೇ 110ನ್ನು ಮೀರಿದ ಪರಿಹಾರವನ್ನು ಸರ್ಕಾರ ಭರಿಸಬೇಕು. ಮಿತಿಯಿಲ್ಲದ ಲಾಭಕ್ಕೆ ತಡೆ ಹಾಕಿದ್ದು ಇದರ ಗುಣ. ಆದರೆ ಭೀಕರ ಬರದ ಹೊರೆ ಮತ್ತೆ ಸರ್ಕಾರದ್ದೇ ಆಗುವುದಾದರೆ, ಕಟಾವು ಪ್ರಯೋಗ ಸರ್ಕಾರಿ ಸಿಬ್ಬಂದಿಯಿಂದಲೇ ನಡೆಯುವುದಾದರೆ, ಕಂಪನಿ ಯಾವ ಸೇವೆಗಾಗಿ ಅಷ್ಟು ಪಾಲನ್ನು ಪಡೆಯುತ್ತದೆ ಎಂಬ ಪ್ರಶ್ನೆ ಈ ಮಾದರಿಯಿಂದ ಇನ್ನೂ ಹರಿತವಾಗುತ್ತದೆ. ಸರ್ಕಾರಿ ಸ್ವಾಮ್ಯದ ಭಾರತೀಯ ಕೃಷಿ ವಿಮಾ ಕಂಪನಿ 2002ರಿಂದಲೂ ಇರುವಾಗ, ಬಾರಿ ಬಾರಿಗೂ ಬರ ಕಾಣುವ ತಾಲ್ಲೂಕುಗಳನ್ನು ಲಾಭದ ಲೆಕ್ಕಾಚಾರದಿಂದ ಹೊರಗಿಟ್ಟು ಅದರ ಹೊಣೆಗೆ ಒಪ್ಪಿಸುವುದು ಹೆಚ್ಚು ಸಮರ್ಥನೀಯವಾದ ದಾರಿ.

ಅಲ್ಲಿಯವರೆಗೆ ಮಾಡಬಹುದಾದದ್ದು ಕಡಿಮೆಯಿಲ್ಲ. ರಾಜ್ಯದ ಬೆಳೆ ವಿಮಾ ಜಾಲತಾಣವಾದ ಸಂರಕ್ಷಣೆ ಪೋರ್ಟಲ್‌ನಲ್ಲಿ ರೈತ ತನ್ನ ಅರ್ಜಿಯ ಸ್ಥಿತಿಯನ್ನು ನೋಡಬಹುದು. ತನ್ನ ಪಂಚಾಯಿತಿಯ ಹೆಸರಿನಲ್ಲಿ ಕಂಪನಿಗೆ ಎಷ್ಟು ಹಣ ಹೋಯಿತೆಂಬುದೂ ಅಷ್ಟೇ ಸುಲಭವಾಗಿ ಅವನಿಗೆ ತಿಳಿಯಬೇಕು. ಕಟಾವು ಪ್ರಯೋಗಕ್ಕೆ ಸಾಕ್ಷಿಯಾಗುವ ಅವಕಾಶ ಕಂಪನಿಯ ಪ್ರತಿನಿಧಿಗೆ ಮಾರ್ಗಸೂಚಿಯಲ್ಲಿಯೇ ಇದೆ. ಗ್ರಾಮಸಭೆ ಆರಿಸಿದ ಒಬ್ಬ ರೈತನಿಗೂ ಅದೇ ಅಧಿಕಾರ, ಅದೇ ಆಕ್ಷೇಪಣೆಯ ಹಕ್ಕು ಸಿಗಬೇಕು. ರಾಜ್ಯ ಸರ್ಕಾರ ಮುಂದಿನ ಟೆಂಡರ್ ಕರೆಯುವ ಮೊದಲು, ಯೋಜನೆಗೆ ಸಂಬಂಧಿಸಿದ ಕಂಪನಿಯ ಲೆಕ್ಕಗಳು ಮಹಾಲೇಖಪಾಲರ ತಪಾಸಣೆಗೆ ಒಳಪಡತಕ್ಕದ್ದೆಂಬ ಷರತ್ತನ್ನು ಅದರಲ್ಲಿ ಸೇರಿಸಲಿ. ರೈತರು ಕಟ್ಟಿದ್ದು, ಸರ್ಕಾರಗಳು ಕಟ್ಟಿದ್ದು, ಪರಿಹಾರವಾಗಿ ಬಂದದ್ದು, ಕಂಪನಿಯಲ್ಲಿ ಉಳಿದದ್ದು ಎಂಬ ನಾಲ್ಕು ಅಂಕಿಗಳನ್ನು ಹಂಗಾಮು ಮುಗಿದ ಕೂಡಲೇ ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗಿನ ಪ್ರತಿ ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲಿ ಬರೆಸಲಿ.