ರಿಯಾಕ್ಟರ್ ‘ನಿಂತಿತು’ ಎಂದರೇನು?

ನಿಯಂತ್ರಣ ಸರಳುಗಳನ್ನು ಪೂರ್ತಿ ಒಳಸೇರಿಸಿದರೆ ರಿಯಾಕ್ಟರ್ ನಿಲ್ಲುತ್ತದೆ. ಪರಮಾಣು ಶಕ್ತಿಯ ಪಾಠಗಳು ಹೆಚ್ಚಾಗಿ ಈ ವಾಕ್ಯದೊಂದಿಗೇ ಮುಗಿಯುತ್ತವೆ. ಇದು ಅರ್ಧಸತ್ಯ. ನಿಲ್ಲುವುದು ಸರಪಣಿ ಕ್ರಿಯೆ ಮಾತ್ರ. ವಿದಳನದಿಂದ ಹುಟ್ಟಿದ ತುಣುಕುಗಳು ವಿಕಿರಣಪಟುಗಳು. ಅವುಗಳ ಕ್ಷಯವನ್ನು ಯಾವ ಸರಳೂ ತಡೆಯಲಾರದು. ಬೂದಿ ಮುಚ್ಚಿದ ಕೆಂಡದ ಹೋಲಿಕೆಯೂ ಇಲ್ಲಿ ಸಾಲದು. ನೀರು ಹಾಕಿದರೆ ಕೆಂಡ ಆರುತ್ತದೆ. ಇಲ್ಲಿ ನೀರು ಉಷ್ಣವನ್ನು ಹೊತ್ತೊಯ್ಯುತ್ತದೆಯೇ ಹೊರತು ಅದರ ಉತ್ಪತ್ತಿಯನ್ನು ನಿಲ್ಲಿಸದು.

ನೀವೇ ಲೆಕ್ಕ ಹಾಕಿ ನೋಡಿ. ಜಪಾನಿನ ಫುಕುಶಿಮಾ ದಾಯಿಚಿಯ 1ನೇ ಘಟಕದ ಉಷ್ಣ ಸಾಮರ್ಥ್ಯ 1380 ಮೆಗಾವಾಟ್ ಆಗಿತ್ತು. ರಿಯಾಕ್ಟರನ್ನು ನಿಲ್ಲಿಸಿದ ಕೂಡಲೇ ಉಳಿಕೆ ಉಷ್ಣ ಪೂರ್ಣ ಸಾಮರ್ಥ್ಯದ ಸುಮಾರು ಶೇ. 6ರಿಂದ 7ರಷ್ಟಿರುತ್ತದೆ, ಒಂದು ಗಂಟೆಯ ಬಳಿಕ ಶೇ. 1.5, ಒಂದು ದಿನದ ಬಳಿಕ ಶೇ. 0.5. ಒಂದೂವರೆ ಶೇಕಡಾ ಅಲ್ಪವೆನಿಸಬಹುದು. ಆದರೆ ಇಲ್ಲಿ ಅದು ಸುಮಾರು 20 ಮೆಗಾವಾಟ್! ವಾಯುಮಂಡಲದ ಒತ್ತಡದಲ್ಲಿ ನೀರಿನ ಗುಪ್ತೋಷ್ಣ ಕಿಲೋಗ್ರಾಮಿಗೆ 2.26 ಮೆಗಾಜೂಲ್. ಭಾಗಿಸಿದರೆ ಸೆಕೆಂಡಿಗೆ ಸುಮಾರು 9 ಕಿಲೋಗ್ರಾಂ, ಅಂದರೆ ಗಂಟೆಗೆ 30 ಟನ್ನಿಗೂ ಹೆಚ್ಚು ನೀರು ಆವಿಯಾಗುತ್ತದೆ.

2011ರ ಮಾರ್ಚ್ 11ರಂದು ಭೂಕಂಪವಾದಾಗ ಸರಳುಗಳು ತಮ್ಮ ಕೆಲಸ ಮಾಡಿದವು. ಸುಮಾರು 50 ನಿಮಿಷಗಳ ನಂತರ ಬಂದ ಸುನಾಮಿ ಡೀಸೆಲ್ ಜನರೇಟರುಗಳನ್ನು ಮುಳುಗಿಸಿತು.

‘ಪಂಪು ಬೇಡದ ವ್ಯವಸ್ಥೆಯಿದ್ದರೆ ಚಿಂತೆಯಿಲ್ಲ’ ಎಂಬ ಮಾತನ್ನೂ ಇಲ್ಲಿಯೇ ಪರೀಕ್ಷಿಸಬೇಕು. ಗುರುತ್ವದಿಂದಲೇ ನೀರು ಪರಿಚಲಿಸುವ ಸಾಂದ್ರಕ 1ನೇ ಘಟಕದಲ್ಲಿತ್ತು. ಆದರೆ ಅದರ ಕವಾಟಗಳಿಗೆ ವಿದ್ಯುತ್ ಬೇಕಿತ್ತು. ಬ್ಯಾಟರಿಗಳೂ ಕೈಕೊಟ್ಟಾಗ ಉಷ್ಣದ ದಾರಿ ಮುಚ್ಚಿಹೋಯಿತು. ಅದು ನಿಯಂತ್ರಣ ಕೊಠಡಿಯಲ್ಲಿದ್ದವರಿಗೆ ಸ್ಪಷ್ಟವಾಗಿ ತಿಳಿಯಲೂ ಇಲ್ಲ. ಇಂಧನ ಕರಗಿತು. ಕಾದ ಜಿರ್ಕೋನಿಯಂ ಹಬೆಯೊಡನೆ ವರ್ತಿಸಿ ಹೈಡ್ರೋಜನ್ ಬಿಡುಗಡೆಯಾಯಿತು. ಮರುದಿನ ಸ್ಫೋಟ ಸಂಭವಿಸಿತು.

ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮ ದೇಶದಲ್ಲೇ ಇದೆ. 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾ ಸ್ಥಾವರದ 1ನೇ ಘಟಕದಲ್ಲಿ ಬೆಂಕಿ ಬಿದ್ದು, ಸುಮಾರು 17 ಗಂಟೆ ವಿದ್ಯುತ್ ಇರಲಿಲ್ಲ. ಡೀಸೆಲ್‌ಚಾಲಿತ ಅಗ್ನಿಶಾಮಕ ಪಂಪುಗಳಿಂದ ಸಿಬ್ಬಂದಿ ಹಬೆ ಉತ್ಪಾದಕಗಳಿಗೆ ನೀರೂಡಿಸಿದರು. ಶೈತ್ಯಕದ ನೈಸರ್ಗಿಕ ಪರಿಚಲನೆ ಉಷ್ಣವನ್ನು ಅಲ್ಲಿಗೆ ಸಾಗಿಸಿತು. ಇಂಧನ ಉಳಿಯಿತು. ನೈಸರ್ಗಿಕ ಪರಿಚಲನೆ ನಿಜವಾಗಿಯೂ ಉಪಕಾರಿ. ಆದರೆ ಕೊನೆಯಲ್ಲಿ ಉಷ್ಣವನ್ನು ಸ್ವೀಕರಿಸಲು ನೀರು ಇರಲೇಬೇಕು.

ನಮ್ಮ ಕೈಗಾದಲ್ಲಿರುವುದೂ ನರೋರಾದಂತೆ ಒತ್ತಡದ ಭಾರಜಲ ರಿಯಾಕ್ಟರುಗಳೇ. ಆದುದರಿಂದ ಅಧ್ಯಾಪಕ ಮಿತ್ರರೇ, ಸರಳುಗಳ ಚಿತ್ರ ಬರೆಸಿದ ಬಳಿಕ ಮೇಲಿನ ಲೆಕ್ಕವನ್ನೂ ಮಾಡಿಸಿ. ‘ನಿಂತಿತೇ?’ ಎಂದಷ್ಟೇ ಕೇಳುವ ವಿದ್ಯಾರ್ಥಿಗೆ ಸಮಾಧಾನವಷ್ಟೇ ಸಿಗುತ್ತದೆ. ‘ಉಷ್ಣ ಎಲ್ಲಿಗೆ ಹೋಗುತ್ತದೆ, ಯಾವುದರ ಬಲದಿಂದ, ಎಷ್ಟು ಹೊತ್ತು?’ ಎಂದು ಕೇಳುವವನಿಗೆ ಸುರಕ್ಷತೆಯ ಅರ್ಥ ತಿಳಿಯುತ್ತದೆ.