ಸದ್ದಿಲ್ಲದ ಪೆಟ್ಟಿಗೆಯ ಬಿಸಿ

ಮನೆಗೆ ನ್ಯಾಸ್ ತಂದವರೆಲ್ಲ ಮೊದಲು ಹೊಗಳೋದು ಒಂದನ್ನೇ: "ಸದ್ದೇ ಇಲ್ಲ ಮಾರಾಯ, ಇದೆ ಅಂತಲೇ ಗೊತ್ತಾಗಲ್ಲ." ನಾನೂ ಹಾಗೇ ಹೊಗಳಿದ್ದೆ. ಎರಡು ಹಾರ್ಡ್ ಡಿಸ್ಕ್ ಹಿಡಿಸುವ ಪುಟ್ಟ ಕಪ್ಪು ಪೆಟ್ಟಿಗೆ. ಮಗಳ ಮೊದಲ ಹೆಜ್ಜೆಯ ವಿಡಿಯೋ, ಈಗಿಲ್ಲದ ಅಪ್ಪನ ದನಿಯ ರೆಕಾರ್ಡಿಂಗ್, ಎಲ್ಲ ಅದರೊಳಗೆ. ಟೀವಿ ಕೆಳಗೆ, ಗಾಜಿನ ಬಾಗಿಲ ಹಿಂದೆ, ರೂಟರ್ ಪಕ್ಕ ಚೆನ್ನಾಗಿಯೇ ಕೂತಿತ್ತು.

ಏಪ್ರಿಲ್‌ನ ಒಂದು ಮಧ್ಯಾಹ್ನ ಇನ್ನೇನೋ ಹುಡುಕುತ್ತಾ ಸೆಟ್ಟಿಂಗ್ಸ್ ತೆರೆದೆ. ಒಂದು ಡಿಸ್ಕ್ 54 ಡಿಗ್ರಿ, ಇನ್ನೊಂದು 57. ಫ್ಯಾನ್ 'ಕ್ವಯಟ್ ಮೋಡ್'ನಲ್ಲಿ. ಅದನ್ನು ನಾನು ಆರಿಸಿರಲಿಲ್ಲ, ಪೆಟ್ಟಿಗೆ ಬಂದಿದ್ದೇ ಹಾಗೆ.

ನನ್ನ ತಕರಾರು ಇದೇ. ಸದ್ದು ಮೊದಲ ದಿನವೇ ಕಿವಿಗೆ ಬೀಳುತ್ತೆ, ಗಿರಾಕಿ ಮುಖ ಸಿಂಡರಿಸುತ್ತಾನೆ. ಬಿಸಿ ಯಾರಿಗೂ ಕಾಣಲ್ಲ. ಹಾಗಾಗಿ ಫ್ಯಾನನ್ನು ನಿಧಾನ ಮಾಡಿ, ಉಷ್ಣತೆಯ ಅಂಕಿಯನ್ನು ಮೂರು ಮೆನುಗಳ ಒಳಗೆ ಬಚ್ಚಿಟ್ಟು, ಹಾಲ್‌ನಲ್ಲಿ ಇಡೋ ಅಲಂಕಾರದ ವಸ್ತುವಿನಂತೆ ಮಾರುತ್ತಾರೆ. ಓಡುತ್ತಿರುವ ಒಂದು ದೊಡ್ಡ ಡಿಸ್ಕ್ ಸುಮಾರು 5ರಿಂದ 8 ವಾಟ್ ಶಾಖ ಬಿಡುತ್ತೆ. ಕಮ್ಮಿ ಅನ್ನಿಸಬಹುದು, ಆದರೆ ಇದು ಹಗಲೂ ರಾತ್ರಿ ನಡೆಯೋ ಕೆಲಸ. ಮುಚ್ಚಿದ ಕಪಾಟಿನೊಳಗೆ ಫ್ಯಾನ್ ಎಷ್ಟೇ ಜೋರಾಗಿ ತಿರುಗಿದರೂ ತಾನು ಹೊರಹಾಕಿದ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತೆ.

ಹಾಗಂತ ಗಾಬರಿ ಹುಟ್ಟಿಸೋದೂ ತಪ್ಪು. 2007ರಲ್ಲಿ ಗೂಗಲ್‌ನ ಎಂಜಿನಿಯರುಗಳು ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಲೆಕ್ಕ ಪ್ರಕಟಿಸಿದರು. ಸಾಧಾರಣ ಬಿಸಿಗೂ ಡಿಸ್ಕ್ ಕೆಡೋದಕ್ಕೂ ನಾವಂದುಕೊಂಡಷ್ಟು ನಂಟು ಸಿಗಲಿಲ್ಲ. ತೀರಾ ಬಿಸಿಯಾದಾಗ, ಅದರಲ್ಲೂ ಹಳೇ ಡಿಸ್ಕ್‌ಗಳಲ್ಲಿ, ತೊಂದರೆ ಕಂಡಿತು. ಆದ್ದರಿಂದ 30 ಡಿಗ್ರಿಯಲ್ಲೇ ಇರಬೇಕು ಅಂತ ಹಟ ಹಿಡಿದು ನಾಲ್ಕು ಫ್ಯಾನ್ ಜೋಡಿಸೋರದ್ದೂ ಅತಿಯೇ.

ನನ್ನ ಭಯ ಬೇರೆ. ಇಂಥ ಎಷ್ಟೋ ಡಿಸ್ಕ್‌ಗಳಿಗೆ ಕಂಪನಿಗಳೇ ಹಾಕಿರುವ ಮಿತಿ 60 ಅಥವಾ 65 ಡಿಗ್ರಿ. ನನ್ನ ಪೆಟ್ಟಿಗೆಯಲ್ಲಿ ಒಂದೇ ಮಾಹಿತಿ ಎರಡೂ ಡಿಸ್ಕ್‌ನಲ್ಲಿರುತ್ತೆ. ಒಂದು ಕೆಟ್ಟರೆ ಹೊಸದನ್ನು ಹಾಕಬೇಕು, ಉಳಿದದ್ದನ್ನು ಮೊದಲಿಂದ ಕೊನೆವರೆಗೆ ಓದಿ ಹೊಸದಕ್ಕೆ ತುಂಬಿಸಬೇಕು. ಗಂಟೆಗಟ್ಟಲೆ ಬಿಡುವಿಲ್ಲದ ಓಟ. ಸುಮ್ಮನೆ ಕೂತಾಗಲೇ 57 ಇದ್ದದ್ದು ಆಗ ಎಲ್ಲಿಗೆ ಮುಟ್ಟುತ್ತೆ? ಅದೂ ಅಪ್ಪನ ದನಿ ಉಳಿದಿರೋದು ಆ ಒಂದರಲ್ಲೇ ಅನ್ನೋ ಹೊತ್ತಲ್ಲಿ.

ಒಂದು ರೂಪಾಯಿನೂ ಖರ್ಚಾಗಲಿಲ್ಲ. ಆಫ್ ಮಾಡಿ ಹಿಂದಿನ ಜಾಲರಿಯ ಧೂಳನ್ನು ಬ್ರಷ್‌ನಿಂದ ತೆಗೆದೆ. ತೆರೆದ ಶೆಲ್ಫಿಗೆ ತಂದು, ಗೋಡೆಯಿಂದ ಒಂದು ಗೇಣು ದೂರ ಇಟ್ಟೆ. ಫ್ಯಾನನ್ನು 'ಕೂಲ್ ಮೋಡ್'ಗೆ ಹಾಕಿದೆ. ಮರುದಿನ ಅದೇ ಹೊತ್ತಿಗೆ 42, 44. ಅಪ್ಪನ ರೆಕಾರ್ಡಿಂಗ್‌ನ ಇನ್ನೊಂದು ಪ್ರತಿಯನ್ನು ಮೈಸೂರಿನ ಅಕ್ಕನ ಮನೆಗೂ ಕಳಿಸಿದೆ. ಡಿಸ್ಕ್ ತಣ್ಣಗಿದ್ದ ಮಾತ್ರಕ್ಕೆ ಅದು ಬ್ಯಾಕಪ್ ಆಗಲ್ಲವಲ್ಲ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದರೆ ಇವತ್ತು ಮಧ್ಯಾಹ್ನ ಆ ಅಂಕಿ ನೋಡಿ. ನಮ್ಮಲ್ಲಿ ಈಗ ಸಣ್ಣಗೆ ಗುಂಯ್ ಅನ್ನೋ ಸದ್ದಿದೆ. "ಏನಪ್ಪಾ ಅದು?" ಅಂತ ಮಗಳು ಕೇಳಿದಳು. "ತಾತನಿಗೆ ಗಾಳಿ ಬೀಸ್ತಿದೆ" ಅಂದೆ.