ಸೂತ್ ಮತ್ತು ನಮ್ಮ ಸತ್ಯ

ಇಂಗ್ಲಿಷಿನಲ್ಲಿ ‘ಸೂತ್’ ಅಂತ ಒಂದು ಹಳೇ ಪದವಿದೆ. ಅರ್ಥ, ಸತ್ಯ. ಒಂಟಿಯಾಗಿ ಈಗ ಅದನ್ನು ಯಾರೂ ಬಳಸೋದಿಲ್ಲ. ‘ಸೂತ್‌ಸೇಯರ್’ ಅನ್ನೋ ಪದದೊಳಗೆ ಸೇರಿಕೊಂಡು ಉಳಿದಿದೆ. ಶೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕದಲ್ಲಿ ಮಾರ್ಚ್ 15ರ ಬಗ್ಗೆ ಎಚ್ಚರಿಸ್ತಾನಲ್ಲ, ಆ ಕಣಿಗಾರನೇ ಸೂತ್‌ಸೇಯರ್. ಅಂದ್ರೆ ಸತ್ಯ ಹೇಳುವವನು.

ಈ ಪದ ಕಂಡ ಕೂಡಲೇ ನಮ್ಮಲ್ಲಿ ಕೆಲವರು ‘ನೋಡಿ, ಸಂಸ್ಕೃತದ ಸತ್ಯದಿಂದಲೇ ಸೂತ್ ಹುಟ್ಟಿದ್ದು’ ಅಂತ ಎದೆಯುಬ್ಬಿಸ್ತಾರೆ. ನಂಟು ಇರೋದು ಹೌದು. ಆದರೆ ಅದು ತಾಯಿ ಮಗಳ ನಂಟಲ್ಲ, ಅಕ್ಕತಂಗಿಯರ ಮಕ್ಕಳ ನಂಟು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಎಲ್ಲಕ್ಕೂ ಒಂದೇ ಹಳೇ ಮೂಲ ಇದ್ದಿರಬೇಕು ಅಂತ ವಿಲಿಯಂ ಜೋನ್ಸ್ 1786ರಲ್ಲೇ ಕಲ್ಕತ್ತೆಯಲ್ಲಿ ಹೇಳಿದ್ದ. ಆ ಮೂಲದಲ್ಲಿ ‘ಇರು’ ಅನ್ನೋ ಅರ್ಥದ ಒಂದು ಧಾತು. ಅದರಿಂದ ಇತ್ತ ಸತ್, ಸತ್ಯ, ಸಂತ, ಅತ್ತ ಸೂತ್.

‘ಸಂತ’ದಲ್ಲಿರೋ ‘ನ್’ ಸೂತ್‌ನಲ್ಲಿ ಎಲ್ಲಿ ಹೋಯ್ತು? ಹಳೇ ಇಂಗ್ಲಿಷ್ ಇಂಥ ಕಡೆ ‘ನ್’ ನುಂಗಿ ಸ್ವರ ಎಳೆಯುತ್ತಿತ್ತು. ನಮ್ಮ ದಂತದ ನಂಟ ಅಲ್ಲಿ ಟೂತ್, ಹಂಸದ ನಂಟ ಗೂಸ್. ಸ್ವೀಡಿಷ್‌ನಲ್ಲಿ ‘ನ್’ ಉಳಿದಿದೆ, ಅಲ್ಲಿ ಇವತ್ತಿಗೂ ‘ಸನ್’ ಅಂದ್ರೆ ನಿಜ. ಇದು ಲೆಕ್ಕ. ಸದ್ದು ಹೋಲುತ್ತೆ ಅಂತ ಜೋಡಿಸಿದ್ದಲ್ಲ.

ಇನ್ನು ಕನ್ನಡಕ್ಕೆ ಈ ಪದದಲ್ಲಿ ಹೆಮ್ಮೆಪಡೋಕೆ ಪಾಲೇ ಇಲ್ಲ. ನಮ್ಮದು ದ್ರಾವಿಡ ಭಾಷೆ. ‘ಸತ್ಯ’ ನಾವು ಸಂಸ್ಕೃತದಿಂದ ತಂದುಕೊಂಡಿದ್ದು. ಹಳಗನ್ನಡದಲ್ಲಿ ‘ನನ್ನಿ’ ಅಂತಿತ್ತು, ಗಂಗ ಅರಸರಲ್ಲಿ ‘ನನ್ನಿಯ ಗಂಗ’ ಅನ್ನೋ ಬಿರುದೂ ಇತ್ತು. ಸೂತ್ ಸತ್ತಿದ್ದಕ್ಕೆ ಮರುಗುವ ನಾವು ನನ್ನಿ ಹೋದದ್ದನ್ನು ಗಮನಿಸಲೇ ಇಲ್ಲ.

ಸೂತ್‌ನ ಮಗುವೊಂದು ಮಾತ್ರ ಚೆನ್ನಾಗಿ ಬದುಕಿದೆ: ‘ಸೂದ್’, ಅಂದ್ರೆ ಸಮಾಧಾನ ಮಾಡು. ಮೊದಲು ಅದರ ಅರ್ಥ ‘ನಿಜ ಅಂತ ಸಾಬೀತು ಮಾಡು’ ಅಂತಿತ್ತು. 16ನೇ ಶತಮಾನದಲ್ಲಿ ‘ಹೌದಪ್ಪ ಹೌದು ಅಂತ ತಲೆಯಾಡಿಸು’ ಅಂತಾಯ್ತು. ಅಲ್ಲಿಂದ ಮುಂದೆ ನಿಜ ಹೋಗಿ, ನೋವು ಮರೆಸೋದಷ್ಟೇ ಉಳೀತು. ಮೀಟಿಂಗಿನಲ್ಲಿ ಮ್ಯಾನೇಜರ್ ಹೇಳಿದ್ದಕ್ಕೆಲ್ಲ ತಲೆಯಾಡಿಸ್ತೀವಲ್ಲ, ಅದು 16ನೇ ಶತಮಾನದ ಸೂದ್.

‘ಎಲ್ಲಾ ನಮ್ಮಿಂದಲೇ ಹೋದದ್ದು’ ಅನ್ನೋ ಮಾತೂ ಅಂಥದ್ದೇ. ಕೇಳೋಕೆ ಹಿತ, ಪರೀಕ್ಷಿಸಿದರೆ ನಿಲ್ಲಲ್ಲ. ಇರೋ ನಂಟೇ ಇಷ್ಟು ಚೆಂದ ಇರುವಾಗ ಇಲ್ಲದ ತಾಯ್ತನ ಯಾಕೆ ಬೇಕು?

ನನಗೆ ಇದಕ್ಕಿಂತ ಖುಷಿ ಕೊಡೋದು ಬೇರೆ ಸಂಗತಿ. ಯಾವ ರಕ್ತಸಂಬಂಧವೂ ಇಲ್ಲದ ಕನ್ನಡ ಕೂಡ ನಿಜವನ್ನು ‘ಇರು’ ಧಾತುವಿನಿಂದಲೇ ಕಟ್ಟಿಕೊಂಡಿದೆ: ಇದ್ದದ್ದು. ಅದರ ಬೆಲೆಯನ್ನೂ ಗಾದೆಯೇ ಹೇಳುತ್ತೆ. ಇದ್ದದ್ದು ಇದ್ದಂಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದರಂತೆ.